ಅಂಗನವಾಡಿ ಕಾರ್ಯಕರ್ತೆಯ ಆತ್ಮಾವಲೋಕನ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ)



ಅಂಗನವಾಡಿ ಕೇಂದ್ರಕ್ಕೆ ಭೇಟಿ ನೀಡಿದಾಗ ನಾವು ಸಾಮಾನ್ಯವಾಗಿ ಗಮನಿಸುವ ಸಂಗತಿಗಳು ಕೆಲವೇ. ಛಾವಣಿ ಸೋರುತ್ತಿದೆಯೇ, ಕುಡಿಯುವ ನೀರಿನ ವ್ಯವಸ್ಥೆ ಇದೆಯೇ, ಮೊಟ್ಟೆ ಮತ್ತು ಆಹಾರ ಸಾಮಗ್ರಿ ಸಕಾಲಕ್ಕೆ ತಲುಪಿವೆಯೇ, ಹಾಜರಾತಿ ಪುಸ್ತಕದಲ್ಲಿ ನಮೂದಿಸಿದಷ್ಟು ಮಕ್ಕಳು ಎದುರಿಗೆ ಕುಳಿತಿದ್ದಾರೆಯೇ ಎಂದು ಪರಿಶೀಲಿಸಿ ಹಿಂದಿರುಗುತ್ತೇವೆ. ಇವೆಲ್ಲವೂ ಅಗತ್ಯವಾದ ಪರಿಶೀಲನೆಗಳೇ. ಆದರೆ ಅಷ್ಟಕ್ಕೇ ಭೇಟಿ ಮುಗಿದರೆ ಒಂದು ಮುಖ್ಯ ಪ್ರಶ್ನೆ ಕೇಳದೆಯೇ ಉಳಿಯುತ್ತದೆ. ಬೆಳಿಗ್ಗೆ ಹಾಡು, ಕಥೆ, ಆಟಗಳ ಮೂಲಕ ಕಾರ್ಯಕರ್ತೆ ಕಲಿಸಿದ್ದು ಮಗುವನ್ನು ತಲುಪಿತೇ ಎಂಬುದು ಆಕೆಗೆ ಹೇಗೆ ತಿಳಿಯುತ್ತದೆ? ತಲುಪದಿದ್ದರೆ ಮರುದಿನ ಆಕೆ ಏನನ್ನು ಬದಲಿಸುತ್ತಾಳೆ?

ಈ ಪ್ರಶ್ನೆಗೆ ಉತ್ತರ ಹುಡುಕುವ ಅಭ್ಯಾಸವನ್ನೇ ಶಿಕ್ಷಣ ಕ್ಷೇತ್ರದಲ್ಲಿ ವೃತ್ತಿಪರ ಆತ್ಮಾವಲೋಕನ ಎಂದು ಕರೆಯುತ್ತಾರೆ. ಈ ಅಭ್ಯಾಸವು ಕಾರ್ಯಕರ್ತೆಯದೇ ಆದರೂ ಅದು ಬೇರೂರಲು ಬೇಕಾದ ಸಮಯ, ಸ್ಥಳ ಮತ್ತು ಭಯವಿಲ್ಲದ ವಾತಾವರಣವನ್ನು ಒದಗಿಸುವುದರಲ್ಲಿ ಗ್ರಾಮ ಪಂಚಾಯಿತಿಯ ಪಾಲು ದೊಡ್ಡದು. ಇದನ್ನು ಸದಸ್ಯರಿಗೆ ಮನವರಿಕೆ ಮಾಡಿಕೊಡುವುದೇ ಪ್ರಸ್ತುತ ಪಾಠದ ಉದ್ದೇಶ.

1. ಇದು ಪಂಚಾಯಿತಿಯ ವಿಷಯವೇ?

ಅಂಗನವಾಡಿಗಳ ಆಡಳಿತ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಸೇರಿದ್ದು, ಅಲ್ಲಿನ ಕಲಿಕೆಯ ವಿಚಾರದಲ್ಲಿ ಪಂಚಾಯಿತಿಗೆ ಕೆಲಸವಿಲ್ಲ ಎಂಬ ಅಭಿಪ್ರಾಯ ಕೆಲವರಲ್ಲಿದೆ. ಸಂವಿಧಾನವು ಹಾಗೆ ಹೇಳುವುದಿಲ್ಲ. 73ನೇ ತಿದ್ದುಪಡಿಯ ಮೂಲಕ ಸೇರಿದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಅವುಗಳಲ್ಲಿ 17ನೆಯದು ಶಿಕ್ಷಣ. 25ನೆಯದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ. 2002ರ 86ನೇ ತಿದ್ದುಪಡಿಯ ನಂತರ 45ನೇ ಅನುಚ್ಛೇದವು ಆರು ವರ್ಷ ತುಂಬುವವರೆಗೆ ಎಲ್ಲ ಮಕ್ಕಳಿಗೂ ಶೈಶವ ಪೂರ್ವದ ಆರೈಕೆ ಮತ್ತು ಶಿಕ್ಷಣವನ್ನು ಒದಗಿಸಲು ಪ್ರಯತ್ನಿಸಬೇಕೆಂದು ರಾಜ್ಯಕ್ಕೆ ನಿರ್ದೇಶಿಸುತ್ತದೆ. ಮಕ್ಕಳ ಸ್ನೇಹಿ ಗ್ರಾಮವು ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯ ಒಂಬತ್ತು ಸುಸ್ಥಿರ ಅಭಿವೃದ್ಧಿ ವಿಷಯಗಳಲ್ಲಿ ಒಂದಾಗಿದೆ.

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕ್‌ಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಮಾಹಿತಿ ಸೇವೆ, ಪೌಷ್ಟಿಕತೆ ಮತ್ತು ಆರೋಗ್ಯ ಶಿಕ್ಷಣ, ಶಾಲಾಪೂರ್ವ ಶಿಕ್ಷಣ ಎಂಬ ಆರು ಸೇವೆಗಳಲ್ಲಿ ಕೊನೆಯದು ಕಣ್ಣಿಗೆ ಸುಲಭವಾಗಿ ಕಾಣುವಂಥದ್ದಲ್ಲ. ತೂಕವನ್ನು ತಕ್ಕಡಿ ಹೇಳುತ್ತದೆ, ಚುಚ್ಚುಮದ್ದನ್ನು ತಾಯಿ ಕಾರ್ಡ್ ಹೇಳುತ್ತದೆ. ಮಗುವಿನ ಕುತೂಹಲ ಬೆಳೆಯಿತೇ, ಮಾತು ಅರಳಿತೇ, ಹಂಚಿಕೊಂಡು ಆಡಲು ಬಂತೇ ಎಂಬುದನ್ನು ಅಳೆಯುವ ಉಪಕರಣ ಯಾವುದೂ ಇಲ್ಲ. ಅಲ್ಲಿ ನಾವು ಕಾರ್ಯಕರ್ತೆಯ ಕಣ್ಣು ಮತ್ತು ಕಿವಿಗಳನ್ನೇ ನಂಬಬೇಕು.

ಮಗುವಿನ ಮಿದುಳಿನ ಒಟ್ಟು ಬೆಳವಣಿಗೆಯಲ್ಲಿ ಶೇಕಡ 85ಕ್ಕಿಂತ ಹೆಚ್ಚು ಭಾಗವು ಆರು ವರ್ಷದೊಳಗೇ ಆಗುತ್ತದೆ ಎಂದು ರಾಷ್ಟ್ರೀಯ ಶಿಕ್ಷಣ ನೀತಿ 2020 ಹೇಳುತ್ತದೆ. ಒಂದು ಮಗು ಅಂಗನವಾಡಿಯ ಶಾಲಾಪೂರ್ವ ಶಿಕ್ಷಣದಲ್ಲಿರುವುದು ಮೂರು ವರ್ಷ. ಆ ಅವಧಿ ಕಳೆದ ಮೇಲೆ ಅದೇ ಮಗುವಿಗೆ ಅದು ಮತ್ತೆ ಸಿಗುವುದಿಲ್ಲ. ಆದ್ದರಿಂದ ಕಾರ್ಯಕರ್ತೆಯ ಕಲಿಕೆಯನ್ನು ಮುಂದೆಂದೋ ನಡೆಯುವ ತರಬೇತಿಗೆ ಬಿಡಲಾಗದು. ಅದು ಈ ವಾರದಲ್ಲೇ, ಈ ಮಕ್ಕಳ ನಡುವೆಯೇ ನಡೆಯಬೇಕಾಗಿದೆ.

2. ಅಂಗನವಾಡಿ ಎಂಬ ಹೆಸರಿನ ಹಿಂದಿರುವ ಪಾಠ

ಅಂಗಳದಲ್ಲಿ ನಡೆಯುವ ಬಾಲವಾಡಿ ಎಂಬ ಕಲ್ಪನೆಯೇ ಆತ್ಮಾವಲೋಕನದಿಂದ ಹುಟ್ಟಿದ್ದು ಎಂಬುದನ್ನು ಸದಸ್ಯರು ಅರಿಯುವುದು ಸೂಕ್ತ. ತಾರಾಬಾಯಿ ಮೋಡಕ್ (1892–1973) ಅವರು ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರೊಂದಿಗೆ ಶಿಶು ಶಿಕ್ಷಣದ ಕೆಲಸ ಮಾಡಿ, 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘದ ಸ್ಥಾಪನೆಯಲ್ಲಿ ಪಾಲ್ಗೊಂಡರು. ನಗರದ ಅನುಕೂಲಸ್ಥ ಮಕ್ಕಳಿಗೆ ಒಗ್ಗಿದ ಈ ಶಿಕ್ಷಣವನ್ನು ಹಳ್ಳಿಯ ಬಡ ಮಕ್ಕಳಿಗೂ ಒದಗಿಸಬೇಕೆಂಬ ಉದ್ದೇಶದಿಂದ 1945ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿಯಲ್ಲಿ ಬಾಲವಾಡಿಯನ್ನು ಆರಂಭಿಸಿದರು. ಅನುತಾಯಿ ವಾಘ್ (1910–1992) ಅವರ ಜೊತೆಗೂಡಿದರು.

ಬಾಲವಾಡಿ ತೆರೆದಿದ್ದರೂ ದಲಿತರ ಕೇರಿಯ ಹಾಗೂ ಆದಿವಾಸಿ ಹಾಡಿಗಳ ಮಕ್ಕಳು ಅಲ್ಲಿಗೆ ಬರುತ್ತಿರಲಿಲ್ಲ. ತಂದೆ ತಾಯಿಗೆ ಆಸಕ್ತಿಯಿಲ್ಲ, ಮಕ್ಕಳಿಗೆ ಶಿಸ್ತಿಲ್ಲ ಎಂದು ಹೇಳಿ ಸುಮ್ಮನಾಗುವುದು ಸುಲಭವಿತ್ತು. ಅವರು ಹಾಗೆ ಮಾಡಲಿಲ್ಲ. ತಮ್ಮ ವ್ಯವಸ್ಥೆಯಲ್ಲಿ ಏನು ಹೊಂದುತ್ತಿಲ್ಲವೆಂದು ವಿಚಾರಿಸಿದರು. ಮಕ್ಕಳು ಶಾಲೆಗೆ ಬರಲಾರದಿದ್ದರೆ ಶಾಲೆಯೇ ಮಕ್ಕಳ ಅಂಗಳಕ್ಕೆ ಹೋಗಬೇಕೆಂದು ನಿರ್ಧರಿಸಿದರು. ಅಂಗಳದ ಬಾಲವಾಡಿಯೇ ಅಂಗನವಾಡಿಯಾಯಿತು. 1957ರಲ್ಲಿ ಕೆಲಸದ ಕೇಂದ್ರವು ವಾರ್ಲಿ ಆದಿವಾಸಿಗಳು ವಾಸಿಸುವ ಕೋಸಬಾಡಕ್ಕೆ ಸ್ಥಳಾಂತರವಾಯಿತು. ಅಲ್ಲಿ ದನ ಮೇಯಿಸಲು ಹೋಗುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ತರಗತಿ ನಡೆಸುವ ಪ್ರಯೋಗವೂ ನಡೆಯಿತು.

ಈ ಇತಿಹಾಸದಿಂದ ತಿಳಿಯುವ ಅಂಶ ಸರಳವಾಗಿದೆ. ಮಗು ಕಲಿಯದಿದ್ದಾಗ ದೋಷವನ್ನು ಮಗುವಿನಲ್ಲಿ ಹುಡುಕುವ ಮೊದಲು ನಾವು ಕಲಿಸುವ ರೀತಿ, ಸ್ಥಳ, ಸಮಯ ಮತ್ತು ಭಾಷೆಯನ್ನು ಪರಿಶೀಲಿಸಬೇಕು.

3. ಆತ್ಮಾವಲೋಕನ ಎಂದರೇನು?

ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ ಅವರು 1910ರಲ್ಲಿ ಪ್ರಕಟಿಸಿದ ‘ಹೌ ವಿ ಥಿಂಕ್’ ಗ್ರಂಥದಲ್ಲಿ ವಿವೇಚನಾಪೂರ್ವಕ ಚಿಂತನೆಯನ್ನು ರೂಢಿಯ ನಂಬಿಕೆಯಿಂದ ಬೇರ್ಪಡಿಸಿದರು. ಒಂದು ನಂಬಿಕೆಗೆ ಆಧಾರವೇನು, ಅದರಿಂದ ಆಗುವ ಪರಿಣಾಮವೇನು ಎಂದು ಎಚ್ಚರದಿಂದ ಪರಿಶೀಲಿಸುವುದೇ ಅಂತಹ ಚಿಂತನೆ. ಡೊನಾಲ್ಡ್ ಶೋನ್ ಅವರು 1983ರ ‘ದಿ ರಿಫ್ಲೆಕ್ಟಿವ್ ಪ್ರಾಕ್ಟಿಷನರ್’ ಕೃತಿಯಲ್ಲಿ ಇದನ್ನು ವೃತ್ತಿ ಜೀವನಕ್ಕೆ ಅನ್ವಯಿಸಿದರು. ನುರಿತ ವೃತ್ತಿಪರರು ಎರಡು ಹೊತ್ತಿನಲ್ಲಿ ಯೋಚಿಸುತ್ತಾರೆ ಎಂಬುದು ಅವರ ವಿವರಣೆ. ಮೊದಲನೆಯದು, ಕೆಲಸ ನಡೆಯುತ್ತಿರುವಾಗಲೇ ಪರಿಸ್ಥಿತಿಯನ್ನು ಗ್ರಹಿಸಿ ದಾರಿ ಬದಲಿಸುವುದು. ಎರಡನೆಯದು, ಕೆಲಸ ಮುಗಿದ ಮೇಲೆ ನಡೆದುದನ್ನು ಮರಳಿ ನೋಡಿ ಮುಂದಿನ ಬಾರಿಗೆ ಸಿದ್ಧವಾಗುವುದು.

ನಮ್ಮ ಸದಸ್ಯರಲ್ಲಿ ಬಹುಪಾಲು ಮಂದಿಗೆ ಇದು ಹೊಸದಲ್ಲ. ಸುಗ್ಗಿ ಮುಗಿದ ಮೇಲೆ ರೈತನು ಹೊಲವನ್ನು ಸುತ್ತುತ್ತಾನೆ. ಬದುವಿನ ಪಕ್ಕದ ಸಾಲುಗಳಲ್ಲಿ ತೆನೆ ಏಕೆ ಕಟ್ಟಲಿಲ್ಲ, ನೀರು ನಿಂತಿತೇ, ಬಿತ್ತನೆ ತಡವಾಯಿತೇ, ಬೀಜದ ದೋಷವೇ ಎಂದು ಲೆಕ್ಕ ಹಾಕುತ್ತಾನೆ. ಪಕ್ಕದ ಹೊಲದವನನ್ನು ವಿಚಾರಿಸುತ್ತಾನೆ. ಮುಂದಿನ ಹಂಗಾಮಿಗೆ ಒಂದು ಬದಲಾವಣೆ ಮಾಡಿ ನೋಡುತ್ತಾನೆ. ಈ ಕ್ರಮವನ್ನೇ ಮಕ್ಕಳ ಕಲಿಕೆಗೆ ಅನ್ವಯಿಸಿದಾಗ ನಾಲ್ಕು ಹಂತಗಳು ದೊರೆಯುತ್ತವೆ.

ಅ) ಗಮನಿಸುವುದು: ಮಗು ಏನು ಮಾಡಿತು, ಏನು ಹೇಳಿತು ಎಂಬುದನ್ನು ಇದ್ದ ಹಾಗೆ ನೋಡುವುದು. “ಮಗು ಮಂಕು” ಎಂಬುದು ತೀರ್ಪು. “ಕಥೆಯ ಹೊತ್ತಿನಲ್ಲಿ ಮಗು ಬಾಗಿಲ ಕಡೆ ನೋಡುತ್ತಿತ್ತು” ಎಂಬುದು ಗಮನ.

ಆ) ಬರೆದಿಡುವುದು: ದಿನಕ್ಕೆ ಒಂದೆರಡು ಮಕ್ಕಳ ಬಗ್ಗೆ ಮೂರು ನಾಲ್ಕು ಸಾಲು ಸಾಕು. ಬರೆಯದಿದ್ದರೆ ವಾರಾಂತ್ಯಕ್ಕೆ ಮರೆತುಹೋಗುತ್ತದೆ.

ಇ) ಕಾರಣ ಕೇಳಿಕೊಳ್ಳುವುದು: ಹೀಗೇಕೆ ಆಯಿತು, ಬೇರೆ ಕಾರಣ ಇರಬಹುದೇ ಎಂದು ತಾನೂ ಯೋಚಿಸಿ, ಸಹಾಯಕಿ, ತಾಯಿ ಅಥವಾ ನೆರೆಯ ಕೇಂದ್ರದ ಕಾರ್ಯಕರ್ತೆಯೊಂದಿಗೂ ಚರ್ಚಿಸುವುದು.

ಈ) ಬದಲಿಸಿ ನೋಡುವುದು: ಒಂದು ಸಣ್ಣ ಬದಲಾವಣೆ ಮಾಡಿ, ಅದರ ಫಲವನ್ನು ಮತ್ತೆ ಗಮನಿಸುವುದು. ನಾಲ್ಕನೆಯ ಹಂತವಿಲ್ಲದೆ ಮೊದಲ ಮೂರು ವ್ಯರ್ಥ.

ಮಕ್ಕಳ ಪ್ರಗತಿಯನ್ನು ತಿಳಿಯುವ ಬಗ್ಗೆ 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಇದೇ ದಾರಿಯನ್ನು ತೋರಿಸುತ್ತದೆ. ಈ ವಯಸ್ಸಿಗೆ ಪರೀಕ್ಷೆ ಸಲ್ಲದು. ಮಗುವನ್ನು ಗಮನಿಸುವುದು ಹಾಗೂ ಮಗು ಮಾಡಿದ ಚಿತ್ರ, ಮಣ್ಣಿನ ಗೊಂಬೆ ಮುಂತಾದವನ್ನು ಪರಿಶೀಲಿಸುವುದು ಸೂಕ್ತ ವಿಧಾನಗಳೆಂದು ಅದು ತಿಳಿಸುತ್ತದೆ.

4. ಒಂದು ಉದಾಹರಣೆ

ವಿಷಯ ಸ್ಪಷ್ಟವಾಗಲು ಒಂದು ಸನ್ನಿವೇಶವನ್ನು ಭಾವಿಸೋಣ. ಒಂದು ಕೇಂದ್ರದಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳಿದ್ದಾಳೆ. ಕಥೆಯ ಹೊತ್ತಿನಲ್ಲಿ ಬಾಯಿ ಬಿಡುವುದಿಲ್ಲ, ಪ್ರಶ್ನೆ ಕೇಳಿದರೆ ತಲೆ ತಗ್ಗಿಸುತ್ತಾಳೆ. ಮಗು ನಾಚಿಕೆ ಸ್ವಭಾವದ್ದು ಎಂದು ಕಾರ್ಯಕರ್ತೆ ಮೊದಲು ಭಾವಿಸುತ್ತಾಳೆ. ಮುಂದಿನ ಸಾಲಿನಲ್ಲಿ ಕೂರಿಸಿ ನೋಡುತ್ತಾಳೆ. ಒಂದು ವಾರ ಕಳೆದರೂ ವ್ಯತ್ಯಾಸವಿಲ್ಲ. ಅವಳ ಟಿಪ್ಪಣಿ ಪುಸ್ತಕದಲ್ಲಿ ಎರಡು ಸಾಲು ದಾಖಲಾಗುತ್ತವೆ: “ಮುಂದೆ ಕೂರಿಸಿದೆ. ಮೊದಲಿನ ಹಾಗೆಯೇ ಸುಮ್ಮನಿದ್ದಳು.”

ಕಿವಿ ಕೇಳಿಸುವುದರಲ್ಲಿ ತೊಂದರೆ ಇರಬಹುದೇ ಎಂಬುದು ಆಕೆಯ ಮುಂದಿನ ಅನುಮಾನ. ಹಿಂದಿನಿಂದ ಮೆಲ್ಲಗೆ ಕರೆದರೆ ಮಗು ತಿರುಗಿ ನೋಡುತ್ತಾಳೆ. ಆದರೂ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯಕೀಯ ತಂಡ ಕೇಂದ್ರಕ್ಕೆ ಬಂದಾಗ ತೋರಿಸಬೇಕೆಂದು ಬರೆದಿಡುತ್ತಾಳೆ. ಮತ್ತೊಂದು ದಿನ ಮರಳಿನಲ್ಲಿ ಆಡುವಾಗ ಅದೇ ಹುಡುಗಿ ತನ್ನ ಜೊತೆಗಾತಿಯೊಂದಿಗೆ ಎಡೆಬಿಡದೆ ಮಾತನಾಡುತ್ತಿರುವುದು ಕಣ್ಣಿಗೆ ಬೀಳುತ್ತದೆ. ಆ ಮಾತು ಕನ್ನಡವಲ್ಲ, ಲಂಬಾಣಿ. ಸಹಾಯಕಿಯನ್ನು ಕೇಳಿದಾಗ ಮಗುವಿನ ಮನೆಯವರು ತಾಂಡಾದಿಂದ ಬಂದು ನೆಲೆಸಿದವರೆಂದು ತಿಳಿಯುತ್ತದೆ.

ಮರುದಿನದಿಂದ ಕಾರ್ಯಕರ್ತೆ ಒಂದು ಸಣ್ಣ ಬದಲಾವಣೆ ಮಾಡುತ್ತಾಳೆ. ನೀರು, ರೊಟ್ಟಿ, ಹಸು, ಮಳೆ ಎಂಬ ಪದಗಳಿಗೆ ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆ ಎಂದು ಆ ಮಗುವನ್ನೇ ಕೇಳಿ, ಎಲ್ಲ ಮಕ್ಕಳಿಂದಲೂ ಹೇಳಿಸುತ್ತಾಳೆ. ಕಥೆ ಹೇಳುವಾಗ ಚಿತ್ರ ಮತ್ತು ಅಭಿನಯವನ್ನು ಹೆಚ್ಚಿಸುತ್ತಾಳೆ. ಕೆಲವು ದಿನಗಳಲ್ಲಿ ಮಗು ಕಥೆಯ ನಡುವೆ ಒಂದು ಪದವನ್ನು ತಾನಾಗಿ ಹೇಳಬಹುದು. ಹೇಳದೆಯೂ ಇರಬಹುದು. ಆಗ ಕಾರ್ಯಕರ್ತೆ ಮತ್ತೊಂದು ದಾರಿ ಹುಡುಕಬೇಕು.

ಇಲ್ಲಿ ಎರಡು ಊಹೆಗಳು ನಿಲ್ಲಲಿಲ್ಲ, ಮೂರನೆಯದು ದಾರಿ ತೋರಿತು. ಮೊದಲ ಊಹೆಯಲ್ಲೇ ನಿಂತಿದ್ದರೆ ಆ ಮಗು ಒಂದನೇ ತರಗತಿಗೆ “ದಡ್ಡಿ” ಎಂಬ ಹಣೆಪಟ್ಟಿಯೊಂದಿಗೆ ಹೋಗುತ್ತಿತ್ತು. ಮಗುವಿನ ಮನೆಮಾತು ಯಾವುದೆಂದು ತಿಳಿಯಲು ಯಾವ ದೊಡ್ಡ ತರಬೇತಿಯೂ ಬೇಕಿರಲಿಲ್ಲ. ನಿಂತು ನೋಡುವ ವ್ಯವಧಾನ ಬೇಕಿತ್ತು.

5. ತರಬೇತಿ ಇರುವಾಗ ಇದು ಏಕೆ ಬೇಕು?

ಕಾರ್ಯಕರ್ತೆಯರಿಗೆ ತರಬೇತಿ ಇಲ್ಲವೆಂದಲ್ಲ. 2018ರಲ್ಲಿ ಆರಂಭವಾದ ಪೋಷಣ್ ಅಭಿಯಾನದಡಿ 21 ವಿಷಯಗಳ ಹಂತ ಹಂತದ ಕಲಿಕೆಯ ಕ್ರಮವಿದೆ. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಪೋಷಣ್ ಭೀ ಪಢಾಯಿ ಭೀ’ ಕಾರ್ಯಕ್ರಮದಲ್ಲಿ ಮೂರು ದಿನಗಳ ತರಬೇತಿ ನೀಡಲಾಗುತ್ತಿದೆ. ದಿನಕ್ಕೆ ಕನಿಷ್ಠ ಎರಡು ಗಂಟೆ ಶಾಲಾಪೂರ್ವ ಶಿಕ್ಷಣ ನಡೆಯಬೇಕೆಂಬುದು ಅದರ ಆಶಯ. 2024ರಲ್ಲಿ ಮೂರರಿಂದ ಆರು ವರ್ಷದವರಿಗಾಗಿ ‘ಆಧಾರಶಿಲಾ’ ಪಠ್ಯಕ್ರಮವೂ, ಮೂರು ವರ್ಷದೊಳಗಿನವರಿಗಾಗಿ ‘ನವಚೇತನಾ’ ಚೌಕಟ್ಟೂ ಬಂದಿವೆ. ನಮ್ಮ ರಾಜ್ಯದ ಕೇಂದ್ರಗಳಿಗೆ ‘ಚಿಲಿಪಿಲಿ’ ಚಟುವಟಿಕೆಗಳು ಪರಿಚಿತವಾಗಿವೆ. ದ್ವಿತೀಯ ಪಿಯುಸಿ ಅಥವಾ ಅದಕ್ಕಿಂತ ಹೆಚ್ಚು ಓದಿದ ಕಾರ್ಯಕರ್ತೆಯರಿಗೆ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸನ್ನೂ, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾವನ್ನೂ ಶಿಕ್ಷಣ ನೀತಿಯು ಸೂಚಿಸಿದೆ.

ಆದರೆ ಯಾವುದೇ ತರಬೇತಿಯು ಸಾಮಾನ್ಯ ಮಗುವಿನ ಬಗ್ಗೆ ಹೇಳಬಲ್ಲದು, ನಿಮ್ಮ ಊರಿನ ಕೇಂದ್ರದ ಮೂಲೆಯಲ್ಲಿ ಕುಳಿತಿರುವ ಮಗುವಿನ ಬಗ್ಗೆ ಹೇಳಲಾರದು. ಒಂದೇ ಕೊಠಡಿಯಲ್ಲಿ ಮೂರು ವರ್ಷದ ಮಗುವೂ ಆರು ತುಂಬಲಿರುವ ಮಗುವೂ ಇರುತ್ತವೆ. ಪುಸ್ತಕದ ಒಂದು ಚಟುವಟಿಕೆ ಒಬ್ಬರಿಗೆ ಕಠಿಣ, ಮತ್ತೊಬ್ಬರಿಗೆ ಬೇಸರ. ಇದನ್ನು ಹೊಂದಿಸುವ ಜಾಣ್ಮೆ ತರಬೇತಿ ಕೊಠಡಿಯಲ್ಲಿ ಸಿದ್ಧವಾಗಿ ಸಿಗುವುದಿಲ್ಲ. ಕಲಿತದ್ದನ್ನು ತನ್ನ ಮಕ್ಕಳ ಮೇಲೆ ಪ್ರಯೋಗಿಸಿ, ಫಲವನ್ನು ನೋಡಿ ತಿದ್ದಿಕೊಂಡಾಗಲೇ ಅದು ಕೈಗೂಡುತ್ತದೆ. ಹತ್ತು ವರ್ಷದ ಸೇವೆಯೂ ತಾನಾಗಿ ಅನುಭವವಾಗುವುದಿಲ್ಲ. ಮರಳಿ ನೋಡದೆ ಕಳೆದರೆ ಅದು ಒಂದೇ ವರ್ಷವನ್ನು ಹತ್ತು ಬಾರಿ ಕಳೆದಂತೆ.

ಇದಕ್ಕೆ ಅಡ್ಡಿಯಾಗಿರುವುದು ಕಾರ್ಯಕರ್ತೆಯ ಅನಾಸಕ್ತಿಯೆಂದು ಭಾವಿಸುವುದು ಸರಿಯಲ್ಲ. ಆಕೆಯ ಒಂದು ದಿನವನ್ನು ನೋಡಿ. ಮಕ್ಕಳ ಆಹಾರ, ತೂಕ, ಮನೆ ಭೇಟಿ, 2017ರ ಅಕ್ಟೋಬರ್‌ನಿಂದ ರಾಜ್ಯದಾದ್ಯಂತ ಜಾರಿಯಲ್ಲಿರುವ ಮಾತೃಪೂರ್ಣ ಯೋಜನೆಯಡಿ ಗರ್ಭಿಣಿ ಮತ್ತು ಬಾಣಂತಿಯರ ಊಟ, 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಾಹಿತಿ ದಾಖಲಾತಿ, ಇವುಗಳ ಜೊತೆಗೆ ಕಾಲಕಾಲಕ್ಕೆ ಬರುವ ಸಮೀಕ್ಷೆಗಳು. ಇಷ್ಟರ ನಡುವೆ ಕುಳಿತು ಯೋಚಿಸಲು ಅರ್ಧ ಗಂಟೆ ಸಿಗುವುದೂ ಕಷ್ಟ. ಯಾರಾದರೂ ಅದನ್ನು ಕಾಪಾಡಿಕೊಟ್ಟರೆ ಮಾತ್ರ ಅದು ಉಳಿಯುತ್ತದೆ.

6. ದಾರಿ ತಪ್ಪುವ ಸಂಭವಗಳು

ಉತ್ತಮ ಉದ್ದೇಶದಿಂದ ಆರಂಭವಾದ ಅಭ್ಯಾಸವೂ ಕೆಟ್ಟ ರೀತಿಯಲ್ಲಿ ಜಾರಿಯಾದರೆ ಹಾನಿ ಮಾಡುತ್ತದೆ. ಸದಸ್ಯರು ಈ ಕೆಳಕಂಡ ಅಂಶಗಳ ಬಗ್ಗೆ ಎಚ್ಚರ ವಹಿಸುವುದು ಅಗತ್ಯ.

ಮೊದಲನೆಯದಾಗಿ, ಟಿಪ್ಪಣಿ ಪುಸ್ತಕವು ಇನ್ನೊಂದು ರಿಜಿಸ್ಟರ್ ಆಗಬಾರದು. ನಮೂನೆ, ಕಾಲಂ, ಮೊಹರು, ಸಹಿ ಎಂದು ಆರಂಭಿಸಿದ ದಿನವೇ ಅದರಲ್ಲಿ ಸತ್ಯ ಬರೆಯುವುದು ನಿಲ್ಲುತ್ತದೆ. “ಎಲ್ಲ ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು” ಎಂಬ ಒಂದೇ ವಾಕ್ಯ ಪ್ರತಿ ಪುಟದಲ್ಲೂ ಕಾಣಿಸಿಕೊಳ್ಳುತ್ತದೆ.

ಎರಡನೆಯದಾಗಿ, ಅದನ್ನು ತನಿಖೆಯ ದಾಖಲೆಯಾಗಿ ಬಳಸಬಾರದು. “ಇಂದಿನ ಚಟುವಟಿಕೆ ಫಲಿಸಲಿಲ್ಲ” ಎಂದು ಪ್ರಾಮಾಣಿಕವಾಗಿ ಬರೆದ ಕಾರ್ಯಕರ್ತೆಗೆ ಆ ಸಾಲನ್ನೇ ತೋರಿಸಿ ನೋಟಿಸ್ ಕೊಟ್ಟರೆ, ತಾಲ್ಲೂಕಿನ ಉಳಿದ ಯಾವ ಕಾರ್ಯಕರ್ತೆಯೂ ಮುಂದೆ ಅಂತಹ ಸಾಲು ಬರೆಯುವುದಿಲ್ಲ. ಹಾಜರಾತಿ, ಆಹಾರ ದಾಸ್ತಾನುಗಳ ತಪಾಸಣೆಗೆ ಅದರದೇ ದಾಖಲೆಗಳಿವೆ. ಅವುಗಳನ್ನು ತಪಾಸಣೆ ಮಾಡುವುದು ಬೇರೆ, ಇದು ಬೇರೆ.

ಮೂರನೆಯದಾಗಿ, ಮಕ್ಕಳ ಹೆಸರು ಮತ್ತು ಕುಟುಂಬದ ವಿವರಗಳು ಗ್ರಾಮ ಸಭೆಯಲ್ಲಾಗಲಿ ವಾಟ್ಸ್‌ಆ್ಯಪ್ ಗುಂಪಿನಲ್ಲಾಗಲಿ ಹರಡಬಾರದು. ಹಳ್ಳಿಯಲ್ಲಿ ಒಂದು ಮಗುವಿಗೆ ಒಮ್ಮೆ ಅಂಟಿದ ಹೆಸರು ಬೇಗ ಹೋಗುವುದಿಲ್ಲ.

ನಾಲ್ಕನೆಯದಾಗಿ, ಕೇಂದ್ರಗಳನ್ನು ಒಂದಕ್ಕೊಂದು ಹೋಲಿಸಿ ಸ್ಪರ್ಧೆಗೆ ಇಳಿಸಬಾರದು. ತಾಂಡಾದ ಕೇಂದ್ರಕ್ಕೂ ಹೋಬಳಿ ಊರಿನ ಕೇಂದ್ರಕ್ಕೂ ಪರಿಸ್ಥಿತಿ ಬೇರೆ.

ಐದನೆಯದಾಗಿ, ಪೋಷಕರ ಒತ್ತಡವನ್ನು ಅರ್ಥ ಮಾಡಿಕೊಳ್ಳಬೇಕು. ಪಕ್ಕದ ಊರಿನ ಕಾನ್ವೆಂಟಿನಲ್ಲಿ ನಾಲ್ಕು ವರ್ಷಕ್ಕೇ ಅಕ್ಷರ ಬರೆಸುತ್ತಾರೆ, ಇಲ್ಲಿ ಬರೀ ಆಟ ಎಂದು ಪೋಷಕರು ದೂರಿದಾಗ ಕಾರ್ಯಕರ್ತೆ ಅಂಜಿ ಸ್ಲೇಟು ಹಿಡಿಸುವುದುಂಟು. ಬೆರಳಿನ ಸ್ನಾಯುಗಳು ಬಲಿಯುವ ಮುನ್ನ ಬರೆಸುವುದರಿಂದ ಪ್ರಯೋಜನವಿಲ್ಲ. ಮಣ್ಣು ಕಲೆಸುವುದು, ಮಣಿ ಪೋಣಿಸುವುದು, ಕಾಗದ ಹರಿಯುವುದು ಬರವಣಿಗೆಗೆ ಪೂರ್ವಸಿದ್ಧತೆ. ಇದನ್ನು ಪೋಷಕರಿಗೆ ವಿವರಿಸುವಾಗ ಸದಸ್ಯರು ಕಾರ್ಯಕರ್ತೆಯ ಪಕ್ಕದಲ್ಲಿ ನಿಲ್ಲಬೇಕು.

7. ಗ್ರಾಮ ಪಂಚಾಯಿತಿ ಮಾಡಬಹುದಾದ ಕೆಲಸಗಳು

ಸಮಯವನ್ನು ಕಾಪಾಡುವುದು. ಬೆಳಗಿನ ಶಾಲಾಪೂರ್ವ ಶಿಕ್ಷಣದ ಅವಧಿಯಲ್ಲಿ ಕಾರ್ಯಕರ್ತೆಯನ್ನು ಪಂಚಾಯಿತಿಯ ಸಭೆ, ಸಮಾರಂಭ, ಮಾಹಿತಿ ಸಂಗ್ರಹಗಳಿಗೆ ಕರೆಯುವುದಿಲ್ಲವೆಂದು ಪಂಚಾಯಿತಿಯೇ ತನ್ನ ಮಟ್ಟಿಗೆ ನಿರ್ಣಯಿಸಬಹುದು. ವಾರಕ್ಕೊಮ್ಮೆ ಮಕ್ಕಳು ಮನೆಗೆ ತೆರಳಿದ ನಂತರ ಅರ್ಧ ಗಂಟೆಯನ್ನು ಟಿಪ್ಪಣಿ ಮತ್ತು ಚಿಂತನೆಗೆ ಮೀಸಲಿಡುವ ಬಗ್ಗೆ ಅಂಗನವಾಡಿ ಮೇಲ್ವಿಚಾರಕಿ ಹಾಗೂ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರೊಂದಿಗೆ ಸಮಾಲೋಚಿಸಬಹುದು. ಕರ್ತವ್ಯದ ಸಮಯವನ್ನು ನಿಗದಿಪಡಿಸುವ ಅಧಿಕಾರ ಇಲಾಖೆಯದು. ಕೋರಿಕೆಯನ್ನು ಮುಂದಿಡುವುದು ನಮ್ಮ ಕೆಲಸ.

ಸೇರುವ ಸ್ಥಳ ಒದಗಿಸುವುದು. ಒಂದು ಪಂಚಾಯಿತಿಯ ವ್ಯಾಪ್ತಿಯಲ್ಲಿ ಹಲವು ಕೇಂದ್ರಗಳಿರುತ್ತವೆ. ಅಲ್ಲಿನ ಕಾರ್ಯಕರ್ತೆಯರು ತಿಂಗಳಿಗೊಮ್ಮೆ ಪಂಚಾಯಿತಿ ಗ್ರಂಥಾಲಯದಲ್ಲೋ ಸಭಾಂಗಣದಲ್ಲೋ ಒಂದು ಗಂಟೆ ಸೇರಿ, ಪ್ರತಿಯೊಬ್ಬರೂ ಒಂದು ಮಗುವಿನ ಬಗ್ಗೆ ತಮ್ಮ ಗಮನವನ್ನು ಹಂಚಿಕೊಳ್ಳಲಿ. ವೃತ್ತ ಸಭೆಯಲ್ಲಿ ವರದಿ ಮತ್ತು ಸೂಚನೆಗಳಿಗೇ ಸಮಯ ಸಾಲುವುದಿಲ್ಲ. ಇಲ್ಲಿ ವರದಿ ಇರಬಾರದು. ಸದಸ್ಯರು ಆಹ್ವಾನವಿದ್ದರೆ ಮಾತ್ರ ಹೋಗಿ, ಕೇಳಿಸಿಕೊಳ್ಳಬೇಕು. ವರ್ಷಕ್ಕೆ ಒಂದೆರಡು ಬಾರಿ ಕಾರ್ಯಕರ್ತೆಯರು ಪರಸ್ಪರರ ಕೇಂದ್ರ ನೋಡಿ ಬರುವ ಏರ್ಪಾಡಿಗೂ ಇಲಾಖೆಯ ಅನುಮತಿ ಪಡೆದು ಸಹಕರಿಸಬಹುದು.

ಭೇಟಿಯ ಪ್ರಶ್ನೆಗಳನ್ನು ಬದಲಿಸುವುದು. ಹಾಜರಾತಿ ಮತ್ತು ಆಹಾರದ ಪ್ರಶ್ನೆಗಳ ಜೊತೆಗೆ ಈ ಮೂರನ್ನೂ ಕೇಳಬಹುದು. “ಟೀಚರ್, ಈ ವಾರ ಯಾವ ಚಟುವಟಿಕೆಯನ್ನು ಮಕ್ಕಳು ತಾವಾಗಿ ಮತ್ತೆ ಕೇಳಿದರು? ಯಾವುದು ಫಲಿಸಲಿಲ್ಲ, ಅದನ್ನು ಹೇಗೆ ಬದಲಿಸಬೇಕೆಂದಿದ್ದೀರಿ? ಅದಕ್ಕೆ ಪಂಚಾಯಿತಿಯಿಂದ ಏನು ಆಗಬೇಕು?” ಮಕ್ಕಳ ಮುಂದೆ ಅಥವಾ ಪೋಷಕರ ಮುಂದೆ ಕಾರ್ಯಕರ್ತೆಯನ್ನು ಗದರಿಸುವುದು ಸರ್ವಥಾ ಸಲ್ಲದು.

ಕಂಡುಬಂದ ಕೊರತೆಯನ್ನು ಸರಿಪಡಿಸುವುದು. ಎಲ್ಲಕ್ಕಿಂತ ಮುಖ್ಯವಾದ ಅಂಶವಿದು. ಆತ್ಮಾವಲೋಕನ ಆರಂಭಿಸಿದ ಕಾರ್ಯಕರ್ತೆ ಬೇಗನೆ ಕಂಡುಕೊಳ್ಳುವುದೇನೆಂದರೆ, ಕೆಲವು ತೊಂದರೆಗಳು ಅವಳ ಕೈಯಲ್ಲಿಲ್ಲ. ಕೊಠಡಿಯಲ್ಲಿ ಬೆಳಕಿಲ್ಲದ್ದರಿಂದ ಚಿತ್ರ ಕಾಣುವುದಿಲ್ಲ, ಆವರಣ ಗೋಡೆ ಇಲ್ಲದ್ದರಿಂದ ಹೊರಗೆ ಆಡಿಸಲು ಭಯ, ಅಡುಗೆಯ ಹೊಗೆ ಕಲಿಕೆಯ ಕೋಣೆಗೇ ಬರುತ್ತದೆ, ಪಕ್ಕದ ಹಿಟ್ಟಿನ ಗಿರಣಿಯ ಸದ್ದಿನಲ್ಲಿ ಕಥೆ ಕೇಳಿಸುವುದಿಲ್ಲ. ಆಕೆ ಇದನ್ನು ತಿಳಿಸಿದ ಮೇಲೂ ಪಂಚಾಯಿತಿ ಸುಮ್ಮನಿದ್ದರೆ, ಯೋಚಿಸುವುದರಿಂದ ನೋವಷ್ಟೇ ಹೆಚ್ಚಿತೆಂದು ಆಕೆಗೆ ಅನಿಸುತ್ತದೆ, ಪುಸ್ತಕ ಮುಚ್ಚಿಹೋಗುತ್ತದೆ. ಆದ್ದರಿಂದ ಇಂತಹ ಬೇಡಿಕೆಗಳನ್ನು ಬಾಲವಿಕಾಸ ಸಮಿತಿಯ ಮೂಲಕ ಪಡೆದು, ಸಂಬಂಧಿಸಿದ ಸ್ಥಾಯಿ ಸಮಿತಿಯಲ್ಲಿ ಚರ್ಚಿಸಿ, ಅಭಿವೃದ್ಧಿ ಯೋಜನೆಯಲ್ಲಿ ಸೇರಿಸಬೇಕು. ಸೇರಿಸಲಾಗದಿದ್ದರೆ ಕಾರಣವನ್ನು ಆಕೆಗೆ ತಿಳಿಸಬೇಕು.

ಕೂಸಿನ ಮನೆಯಿಂದ ಆರಂಭಿಸುವುದು. 2023-24ನೇ ಸಾಲಿನ ರಾಜ್ಯ ಆಯವ್ಯಯದಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ತೆರೆಯಲು ಘೋಷಿಸಲಾದ ಕೂಸಿನ ಮನೆಗಳಲ್ಲಿ ಮೂರು ವರ್ಷದೊಳಗಿನ ಮಕ್ಕಳಿರುತ್ತಾರೆ. ಅವುಗಳ ನಿರ್ವಹಣೆಯಲ್ಲಿ ಪಂಚಾಯಿತಿಯ ಪಾತ್ರ ನೇರವಾದದ್ದು. ಕೂಸಿನ ಮನೆ ಇರುವ ಪಂಚಾಯಿತಿಗಳು ಅಲ್ಲಿನ ಆರೈಕೆದಾರರಲ್ಲಿ ಈ ಅಭ್ಯಾಸವನ್ನು ಮೊದಲು ಬೆಳೆಸಬಹುದು. ಬರೆಯಲು ಹಿಂಜರಿಯುವವರಿದ್ದರೆ ದಿನದ ಕೊನೆಗೆ ಹತ್ತು ನಿಮಿಷ ಬಾಯಿಮಾತಿನಲ್ಲೇ ಹಂಚಿಕೊಳ್ಳಲಿ. ಯಾವ ಕೂಸು ಇಂದು ಸರಿಯಾಗಿ ನಿದ್ರಿಸಲಿಲ್ಲ, ಯಾವುದು ಮೊದಲ ಬಾರಿ ನಿಂತಿತು, ಯಾವುದರ ಅಳುವನ್ನು ಹೇಗೆ ಸಮಾಧಾನಪಡಿಸಿದೆವು ಎಂಬ ಮಾತುಕತೆಯೂ ವೃತ್ತಿಪರ ಕಲಿಕೆಯೇ.

8. ಚರ್ಚೆಗೆ ಮತ್ತು ಅನುಷ್ಠಾನಕ್ಕೆ

ಮುಂದಿನ ಸಾಮಾನ್ಯ ಸಭೆಯಲ್ಲಿ ಈ ಕೆಳಗಿನ ಪ್ರಶ್ನೆಗಳನ್ನು ಸದಸ್ಯರು ಪರಸ್ಪರ ಚರ್ಚಿಸಬಹುದು.

1) ಕಳೆದ ಮೂರು ತಿಂಗಳಲ್ಲಿ ನಮ್ಮ ವಾರ್ಡಿನ ಅಂಗನವಾಡಿಗೆ ನಾನು ನೀಡಿದ ಭೇಟಿಯಲ್ಲಿ ಯಾವ ಪ್ರಶ್ನೆಗಳನ್ನು ಕೇಳಿದೆ? ಅವುಗಳಲ್ಲಿ ಮಕ್ಕಳ ಕಲಿಕೆಯ ಬಗ್ಗೆ ಎಷ್ಟಿದ್ದವು?

2) ನಮ್ಮ ಕೇಂದ್ರದ ಮಕ್ಕಳ ಮನೆಮಾತುಗಳು ಯಾವುವು? ಕಾರ್ಯಕರ್ತೆಗೆ ಅವು ತಿಳಿದಿವೆಯೇ? ತಿಳಿಯದಿದ್ದರೆ ಊರಿನಲ್ಲಿ ಯಾರು ನೆರವಾಗಬಲ್ಲರು?

3) ಕಾರ್ಯಕರ್ತೆಯರು ಹಿಂದೆ ನಮಗೆ ತಿಳಿಸಿದ ಕೊರತೆಗಳಲ್ಲಿ ಯಾವುವು ಇನ್ನೂ ಬಾಕಿ ಇವೆ? ಅವರಿಗೆ ಉತ್ತರ ನೀಡಿದ್ದೇವೆಯೇ?

4) ಬೆಳಗಿನ ಎರಡು ಗಂಟೆಯಲ್ಲಿ ಕಾರ್ಯಕರ್ತೆಯನ್ನು ಬೇರೆ ಕೆಲಸಕ್ಕೆ ಕರೆದ ಸಂದರ್ಭಗಳಿವೆಯೇ? ಅವುಗಳನ್ನು ತಪ್ಪಿಸುವುದು ಹೇಗೆ?

5) ತಪ್ಪಾದದ್ದನ್ನು ಪ್ರಾಮಾಣಿಕವಾಗಿ ಹೇಳಿದ ಕಾರ್ಯಕರ್ತೆಯನ್ನು ನಾವು ಗೌರವಿಸುತ್ತೇವೆಯೇ, ಅಥವಾ ಎಲ್ಲವೂ ಸರಿಯಿದೆ ಎಂದವರನ್ನು ಮಾತ್ರ ಮೆಚ್ಚುತ್ತೇವೆಯೇ?

ಚಟುವಟಿಕೆ: ಪ್ರತಿ ಸದಸ್ಯರೂ ಮುಂದಿನ ತಿಂಗಳು ಒಂದು ದಿನ, ಕಾರ್ಯಕರ್ತೆಗೆ ಮುಂಚಿತವಾಗಿ ತಿಳಿಸಿ, ಕೇಂದ್ರದ ಒಂದು ಮೂಲೆಯಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತು ಒಂದೇ ಮಗುವನ್ನು ಗಮನಿಸಿರಿ. ಯಾವ ದಾಖಲೆಯನ್ನೂ ಕೇಳಬೇಡಿ, ಫೋಟೊ ತೆಗೆಯಬೇಡಿ. ಕಂಡದ್ದನ್ನು ಐದು ಸಾಲಿನಲ್ಲಿ ಮಗುವಿನ ಹೆಸರಿಲ್ಲದೆ ಬರೆದುಕೊಳ್ಳಿ. ನಂತರ ಅದನ್ನು ಕಾರ್ಯಕರ್ತೆಯೊಂದಿಗೆ ಹಂಚಿಕೊಂಡು, ಅದೇ ಅರ್ಧ ಗಂಟೆಯಲ್ಲಿ ಆಕೆ ಏನನ್ನು ಕಂಡಳೆಂದು ಕೇಳಿರಿ. ಎರಡರ ನಡುವಿನ ವ್ಯತ್ಯಾಸವನ್ನು ಗಮನಿಸಿದಾಗ ಇಪ್ಪತ್ತು ಮಕ್ಕಳ ನಡುವೆ ಒಬ್ಬ ಕಾರ್ಯಕರ್ತೆ ಪ್ರತಿದಿನ ನಿರ್ವಹಿಸುವ ಕೆಲಸದ ಸೂಕ್ಷ್ಮತೆ ತಿಳಿದುಬರುತ್ತದೆ. ಆ ಐದು ಸಾಲುಗಳನ್ನು ಮುಂದಿನ ಸ್ಥಾಯಿ ಸಮಿತಿ ಸಭೆಗೆ ತನ್ನಿರಿ. ಚರ್ಚೆ ಅಲ್ಲಿಂದಲೇ ಆರಂಭವಾಗಲಿ.